ಮೆಣಸಿನ ಲೆಕ್ಕದಲ್ಲಿ ವಿಯೆಟ್ನಾಂ

ನಮ್ಮ ಮನೆಯಲ್ಲಿ ವಿಯೆಟ್ನಾಂ ಅನ್ನುವುದು ದೇಶದ ಹೆಸರಾಗಿರಲಿಲ್ಲ, ಬೈಗುಳವಾಗಿತ್ತು. ಕಾಳುಮೆಣಸಿನ ರೇಟು ಬಿದ್ದ ದಿನ ಭಾವ ಪೇಪರನ್ನು ಜಗುಲಿಗೆ ಎಸೆದು "ಬಂತು ನೋಡಿ ವಿಯೆಟ್ನಾಂ" ಅನ್ನುತ್ತಿದ್ದರು. ಅಲ್ಲಿಯ ಮೆಣಸು ಶ್ರೀಲಂಕಾದ ದಾರಿ ಹಿಡಿದು ನಮ್ಮ ಮಂಡಿಗೆ ಬರುತ್ತದೆ ಅನ್ನುವುದು ಅವರ ಖಾಯಂ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು. ಹಾಗಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು "ಅಮ್ಮ, ಚಿಕ್ಕಮ್ಮ, ನೀವಿಬ್ರೂ ಒಂದು ವಾರ ವಿಯೆಟ್ನಾಂಗೆ ಹೋಗಿ ಬನ್ನಿ, ಟಿಕೆಟ್ ನಾನು ಮಾಡ್ತೀನಿ" ಅಂದಾಗ ಭಾವನ ಮುಖ ನೋಡಬೇಕಿತ್ತು.

ಅಕ್ಕ ಎಂದರೆ ನನ್ನ ಓರಗಿತ್ತಿ. ಇಪ್ಪತ್ತೈದು ವರ್ಷದಿಂದ ಒಂದೇ ಒಲೆ, ಒಂದೇ ತೋಟ, ಒಂದೇ ಲೆಕ್ಕದ ಪುಸ್ತಕ. ಕಾಫಿ ಕೊಯ್ಲು ಮುಗಿದಿತ್ತು, ಮೆಣಸು ಬಳ್ಳಿಯಲ್ಲೇ ಇತ್ತು. ಗಂಡಸರಿಬ್ಬರನ್ನೂ ಏಣಿ, ಆಳುಗಳ ಜೊತೆ ಬಿಟ್ಟು 2025ರ ಶಿವರಾತ್ರಿಯ ರಾತ್ರಿ ಬೆಂಗಳೂರಿನಿಂದ ಹೊರಟೆವು. ಜಾಗರಣೆ ವಿಮಾನದಲ್ಲೇ ಆಯಿತು. ಪ್ರಸಾದ ಮಾತ್ರ ಬ್ಯಾಂಕಾಕಿನ ನಿಲ್ದಾಣದ ಒಣ ಬನ್ನು.

ಮೊದಲ ದಿನ, ಹನೋಯಿ

ಸೆಕೆ ಇರುತ್ತದೆಂದು ಹತ್ತಿ ಸೀರೆ ತುಂಬಿಕೊಂಡು ಹೋದವರಿಗೆ ಸಿಕ್ಕಿದ್ದು ಚಳಿ. ನೊಯ್ ಬಾಯ್ ನಿಲ್ದಾಣದ ಬಾಗಿಲು ದಾಟಿದರೆ ಹೊರಗೆ ಮಳೆಯೂ ಅಲ್ಲದ ಮಂಜೂ ಅಲ್ಲದ ಒಂದು ತೇವ. ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ತಲೆ ಒದ್ದೆ. ಚಳಿಗಾಲ ಕಳೆಯುವ ಈ ಹೊತ್ತಿನಲ್ಲಿ ಉತ್ತರ ವಿಯೆಟ್ನಾಮಿಗೆ ಈ ಸೋನೆ ವಾಡಿಕೆಯಂತೆ. ಅಕ್ಕ ಒಂದು ಉಸಿರೆಳೆದು "ಏ, ಇದು ನಮ್ಮ ಜುಲೈ ಕಣೇ" ಅಂದರು. ದಕ್ಷಿಣದ ಸುದ್ದಿ ಬೇರೆ, ಆದರೆ ಫೆಬ್ರವರಿ ಮಾರ್ಚಿನಲ್ಲಿ ಹನೋಯಿಗೆ ಹೋಗುವವರು ಒಂದು ಸ್ವೆಟರ್ ಇಟ್ಟುಕೊಳ್ಳಲೇಬೇಕು. ನಾವು ಆ ಸಂಜೆಯೇ ಎರಡು ಕೊಂಡೆವು.

25 ಡಾಲರ್ ಕಟ್ಟಿ ಮೊದಲೇ ತೆಗೆದಿದ್ದ ಇ-ವೀಸಾದ ಕಾಗದಕ್ಕೆ ಮುದ್ರೆ ಬೀಳಲು ಎರಡು ನಿಮಿಷ ಸಾಕಾಯಿತು. ದುಡ್ಡು ಬದಲಾಯಿಸಿದ್ದೇ ನಾವು ಲಕ್ಷಾಧೀಶರು. ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್. ಅಕ್ಕ ಜೀವಮಾನದಲ್ಲಿ ಮೊದಲ ಸಲ 50 ಲಕ್ಷವನ್ನು ಬ್ಲೌಸಿನೊಳಗಿನ ಪರ್ಸಿನಲ್ಲಿ ಇಟ್ಟುಕೊಂಡರು. ನಮ್ಮ ನೋಟುಗಳಲ್ಲೆಲ್ಲ ಗಾಂಧೀಜಿ ಇರುವ ಹಾಗೆ ಅಲ್ಲಿಯ ದೊಡ್ಡ ನೋಟುಗಳಲ್ಲೆಲ್ಲ ಹೊ ಚಿ ಮಿನ್. ಸೊನ್ನೆಗಳ ಗೊಂದಲಕ್ಕೆ ಅಕ್ಕನೇ ಒಂದು ಉಪಾಯ ಹುಡುಕಿದರು: ಎಲ್ಲವನ್ನೂ ಮೆಣಸಿನ ಲೆಕ್ಕಕ್ಕೆ ತಿರುಗಿಸುವುದು. ನಾವು ಹೊರಟಾಗ ಊರಲ್ಲಿ ಮೆಣಸು ಕಿಲೋಗೆ 650ರ ಸುತ್ತಮುತ್ತ ಇತ್ತು. ಹೋಟೆಲಿನ ಕೋಣೆ ಮೂರು ಕಿಲೋ. ಸ್ವೆಟರ್ ಒಂದೊಂದು ಕಿಲೋ. ಬಿಸಿನೀರಿನ ಬಾಟಲಿಗೆ ಒಂದು ಹಿಡಿ.

86ನೇ ನಂಬರಿನ ಬಸ್ಸು ಕೆಂಪು ನದಿಯ ಸೇತುವೆ ದಾಟಿ ನಮ್ಮನ್ನು ಹಳೇ ಪೇಟೆಯ ಅಂಚಿನಲ್ಲಿ ಇಳಿಸಿತು. ಹೋಟೆಲ್ ಎದುರಿಗೇ ಕಾಣುತ್ತಿತ್ತು. ನಡುವೆ ಒಂದು ರಸ್ತೆ. ಆ ರಸ್ತೆ ದಾಟಲು ನಮಗೆ ಹಿಡಿದದ್ದು ಹದಿನೈದು ನಿಮಿಷ. ಸ್ಕೂಟರುಗಳು ಬರುತ್ತಿರಲಿಲ್ಲ, ಹರಿಯುತ್ತಿದ್ದವು. ಒಂದರ ಮೇಲೆ ಆಳೆತ್ತರದ ಕಿತ್ತಳೆ ಗಿಡ, ಒಂದರ ಮೇಲೆ ಫ್ರಿಜ್ಜು, ಒಂದರ ಮೇಲೆ ಗಂಡ ಹೆಂಡತಿ ಎರಡು ಮಕ್ಕಳು ಎಲ್ಲರಿಗೂ ಸೇರಿ ಒಂದೇ ರೇನ್‌ಕೋಟು. ಕೊನೆಗೆ ಗಿಳಿಹಸಿರು ಟೋಪಿ ಹಾಕಿದ್ದ ಅಜ್ಜ ಒಬ್ಬರು ನಮ್ಮ ಪೇಚಾಟ ನೋಡಿ ಅಕ್ಕನ ತೋಳು ಹಿಡಿದು ನಡೆದೇಬಿಟ್ಟರು. ಓಡುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ, ಹಿಂದೆ ಸರಿಯುವ ಹಾಗಂತೂ ಇಲ್ಲವೇ ಇಲ್ಲ. ಒಂದೇ ಸಮನೆ ನಿಧಾನಕ್ಕೆ ಹೆಜ್ಜೆ ಹಾಕಿದರೆ ಅವರೇ ಸುತ್ತು ಹಾಕಿಕೊಂಡು ಹೋಗುತ್ತಾರೆ. "ಸಂಜೆ ಎಮ್ಮೆ ಮಂದೆ ಎದುರು ಬಂದಾಗ ನಾವು ನಡೆಯಲ್ವೇನೇ, ಹಾಗೇ" ಅಂದರು ಅಕ್ಕ ಆಚೆ ದಡ ಸೇರಿ. ಮರುದಿನದಿಂದ ನನ್ನ ಕೈ ಹಿಡಿದು ದಾಟಿಸಿದ್ದು ಅವರೇ.

ಸಂಜೆ ಅಡ್ಡೆ ಹೊತ್ತ ಹೆಂಗಸೊಬ್ಬಳ ಹತ್ತಿರ ಬಾಳೆಹಣ್ಣು ಕೊಂಡೆವು. ಬಿದಿರಿನ ದಬ್ಬೆ, ಎರಡೂ ತುದಿಗೆ ಬುಟ್ಟಿ, ನಮ್ಮೂರಿನಲ್ಲಿ ಸಸಿ ಹೊರುತ್ತಿದ್ದ ಅದೇ ಅಡ್ಡೆ. 20,000 ಕೇಳಿದಳು. ನಾನು ನೀಲಿ ನೋಟು ಕೊಟ್ಟೆ, ಅವಳು ನಕ್ಕಳು, ನಾವೂ ನಕ್ಕೆವು. ರಾತ್ರಿ ಹಾಸಿಗೆ ಮೇಲೆ ಲೆಕ್ಕ ಬರೆಯುವಾಗ ಗೊತ್ತಾಯಿತು, 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ನಾನು ಕೊಟ್ಟಿದ್ದು ದೊಡ್ಡ ನೀಲಿ. ಎರಡೂವರೆ ಕಿಲೋ ಮೆಣಸು! "ಗಂಡಸರಿಗೆ ಹೇಳೋದು ಬೇಡ" ಅಂದರು ಅಕ್ಕ. ಆಮೇಲೆ ದೊಡ್ಡ ನೀಲಿಗಳನ್ನೆಲ್ಲ ಬೇರೆ ಮಾಡಿ ತಲೆಗೆ ಹಾಕುವ ಪಿನ್ನು ಚುಚ್ಚಿಟ್ಟರು. ಹೋಗುವವರು ಇಷ್ಟು ಮಾಡಿಕೊಂಡರೆ ನಮ್ಮ ಎರಡೂವರೆ ಕಿಲೋ ಸಾರ್ಥಕ.

ಎರಡನೆಯ ದಿನ, ಹನೋಯಿ

ಅಕ್ಕ ಶುಕ್ರವಾರ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಬೆಳಿಗ್ಗೆ ಬೀದಿ ಬದಿಯ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆವು. ಅಂಗಡಿಯ ಹುಡುಗಿ ಬಂದು ಅಕ್ಕನ ಮುಖ ನೋಡಿ ಮೃದುವಾಗಿ "ಚಾಯ್?" ಅಂದಳು. ಅಕ್ಕ ಜೋರಾಗಿ ತಲೆಯಾಡಿಸಿ "ನೋ, ನೋ ಚಾಯ್. ಕಾಫಿ!" ಅಂದರು. ಹುಡುಗಿ ಆಶ್ಚರ್ಯದಿಂದ ಒಳಗೆ ಹೋಗಿ ಎರಡು ಬಟ್ಟಲು ಹೊಗೆಯಾಡುವ ಮಾಂಸದ ಸಾರು ತಂದಿಟ್ಟಳು.

ಚಾಯ್ ಎಂದರೆ ಅವರ ಭಾಷೆಯಲ್ಲಿ ಚಹಾ ಅಲ್ಲ, ಸಸ್ಯಾಹಾರ. 'ಆನ್ ಚಾಯ್' ಎಂದರೆ ಮಾಂಸ ಬಿಟ್ಟು ಊಟ ಮಾಡುವುದು. ನಮ್ಮ ಹೋಟೆಲಿನ ಕೌಂಟರಿನ ಹುಡುಗಿ ಆಮೇಲೆ ನಗುತ್ತಾ ಬಿಡಿಸಿ ಹೇಳಿದಳು. ಅಲ್ಲಿಯವರು ತುಂಬಾ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಬಿಡುತ್ತಾರಂತೆ. ನಮಗೆ ಹಿಂದಿನ ದಿನ ಅಮಾವಾಸ್ಯೆ, ಅವರಿಗೆ ಅವತ್ತು ತಿಂಗಳ ಮೊದಲ ದಿನ. ಅಂಗಡಿಯ ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶುಕ್ರವಾರದ ನೇಮದ ಹೆಂಗಸು ಆ ದೇಶದಲ್ಲಿ ಮಡಿಗೆ ಸಿಕ್ಕಿದ ಮೊದಲ ಅವಕಾಶವನ್ನೇ ಒದ್ದು ಕಳಿಸಿದ್ದರು.

ಮಧ್ಯಾಹ್ನ 'ಕಾಮ್ ಚಾಯ್' ಎಂಬ ಬೋರ್ಡು ಹುಡುಕಿ ಕೂತೆವು. ಅನ್ನ, ಟೋಫು, ಬಾಳೆಹೂವಿನ ಕೋಸಂಬರಿಯಂಥದ್ದು, ಹುರಿದ ನೆಲಗಡಲೆ, ಹೆಸರೇ ಗೊತ್ತಿಲ್ಲದ ನಾಲ್ಕು ಬಗೆಯ ಸೊಪ್ಪು, ಎಲ್ಲ ಸೇರಿ ಇಬ್ಬರಿಗೆ ಅರ್ಧ ಕಿಲೋ. ಬೋರ್ಡಿನಲ್ಲಿ ಆ 'ಚಾಯ್' ಇಲ್ಲದ ಕಡೆ ಬರೀ ತರಕಾರಿ ಪಲ್ಯ ಕೇಳಿದರೂ ಮೀನಿನ ರಸ ಬಿದ್ದಿರುತ್ತದೆ, ನೂಕ್ ಮಾಮ್ ಅನ್ನುತ್ತಾರೆ. ನನಗೆ ಅಭ್ಯಂತರವಿರಲಿಲ್ಲ. ಅಲ್ಲಿದ್ದಷ್ಟು ದಿನ ನನ್ನ ಬೆಳಗಿನ ತಿಂಡಿ ಫೊ ಗಾ, ಅಂದರೆ ಕೋಳಿ ಸಾರಿನಲ್ಲಿ ಅಕ್ಕಿ ಶಾವಿಗೆ. ನಮ್ಮ ಒತ್ತು ಶಾವಿಗೆಯ ಅಗಲವಾದ, ನುಣುಪಾದ ತಂಗಿ ಅದು. 'ಬೊ' ಅಂದರೆ ದನದ ಮಾಂಸ, 'ಗಾ' ಅಂದರೆ ಕೋಳಿ. ಈ ಎರಡು ಅಕ್ಷರ ಕಲಿತಿದ್ದರೆ ಅರ್ಧ ವಿಯೆಟ್ನಾಂ ದಾಟಬಹುದು.

ಹಳೇ ಪೇಟೆಯನ್ನು ಮೂವತ್ತಾರು ಬೀದಿ ಎಂದು ಕರೆಯುತ್ತಾರೆ. ಒಂದು ಕಾಲಕ್ಕೆ ಒಂದೊಂದು ಬೀದಿಗೆ ಒಂದೊಂದು ಕಸುಬು. ಹಾಂಗ್ ಬಾಕ್ ಎಂದರೆ ಬೆಳ್ಳಿ ಬೀದಿ, ಹಾಂಗ್ ಡುವಾಂಗ್ ಸಕ್ಕರೆ ಬೀದಿ. ಈಗ ಹೆಸರೇ ಒಂದು, ಮಾರುವುದೇ ಒಂದು ಆಗಿರುವುದೂ ಉಂಟು. ಆದರೆ ಲಾನ್ ಓಂಗ್ ಬೀದಿಗೆ ಕಾಲಿಟ್ಟರೆ ಕಣ್ಣು ಮುಚ್ಚಿಯೂ ಹೇಳಬಹುದು, ಅದು ನಾರುಬೇರಿನ ಅಂಗಡಿಗಳ ಬೀದಿ. ಚಕ್ಕೆ, ಶುಂಠಿ, ಒಣಗಿದ ತೊಗಟೆ. ಹಾಂಗ್ ಮಾ ಬೀದಿಯಲ್ಲಿ ಪಿತೃಗಳಿಗೆ ಸುಡಲು ಕಾಗದದ ಮನೆ, ಕಾಗದದ ಸ್ಕೂಟರು, ಕಾಗದದ ಡಾಲರ್ ಕಂತೆ. "ಸತ್ತವರಿಗೂ ಸ್ಕೂಟರ್ ಕೊಟ್ಟು ಕಳಿಸ್ತಾರಲ್ಲ, ಅಲ್ಲೂ ರಸ್ತೆ ದಾಟೋಕಾಗಲ್ಲ ಬಿಡು" ಅಂದರು ಅಕ್ಕ.

ಡೊಂಗ್ ಶುವಾನ್ ಮಾರುಕಟ್ಟೆಯ ಹತ್ತಿರ ಅಕ್ಕ ಇದ್ದಕ್ಕಿದ್ದ ಹಾಗೆ ನಿಂತರು. ಹೂವಿನ ರಾಶಿಯ ಪಕ್ಕ ಹಸಿ ಅಡಿಕೆಯ ಗೊನೆ, ಒದ್ದೆ ಬಟ್ಟೆಯ ಮೇಲೆ ವೀಳ್ಯದೆಲೆ. ತಿಂಗಳ ಮೊದಲ ದಿನ ಮನೆಯ ದೇವರ ಪೀಠಕ್ಕೆ ಇಡಲಿಕ್ಕಂತೆ. ಮಾರುತ್ತಿದ್ದ ಅಜ್ಜಿಯ ತುಟಿ ಕೆಂಪಗಿತ್ತು. ಅಕ್ಕ ಸೆರಗಿನಿಂದ ತಮ್ಮ ಎಲೆಯಡಿಕೆ ಸಂಚಿ ತೆಗೆದು ಒಣ ಅಡಿಕೆಯ ಎರಡು ಹೋಳು ಮುಂದೆ ಹಿಡಿದರು. ಅಜ್ಜಿ ಒಂದನ್ನು ಬಾಯಿಗೆ ಹಾಕಿ ಕಚ್ಚಿ ಕಣ್ಣರಳಿಸಿದಳು, ಅವರದು ಹಸಿ ಹೋಳು, ಇದು ಕಲ್ಲು. ಪಕ್ಕದ ಅಂಗಡಿಯವಳನ್ನು ಕರೆದು ತೋರಿಸಿದಳು. ಸುಣ್ಣ ಸವರಿ ಮಡಚಿದ ಎಲೆಯಲ್ಲಿ ಹಸಿ ಅಡಿಕೆ ಇಟ್ಟು ಅಕ್ಕನ ಕೈಗೆ ಕೊಟ್ಟಳು. ಇಬ್ಬರೂ ಅಗಿಯುತ್ತಾ ಕಾಲು ಗಂಟೆ ಕೂತರು. ಒಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು, ಇನ್ನೊಬ್ಬರು ವಿಯೆಟ್ನಾಮಿಯಲ್ಲಿ. ಮೊಮ್ಮಕ್ಕಳ ಲೆಕ್ಕ ಆಯಿತು, ಮಂಡಿನೋವಿನ ವಿಚಾರ ಆಯಿತು. ನಾನು ಇಲ್ಲದಿದ್ದರೂ ನಡೆಯುತ್ತಿತ್ತು. ಎಲೆಯ ತುತ್ತಿನಿಂದಲೇ ಮಾತು ಶುರು ಅನ್ನುವ ಗಾದೆ ಅವರಲ್ಲಿದೆ ಎಂದು ಹೋಟೆಲಿನ ಹುಡುಗಿ ಆಮೇಲೆ ಹೇಳಿದಳು.

ಅವರಲ್ಲಿ 'ನೀನು, ನೀವು' ಅನ್ನುವುದಕ್ಕಿಂತ ನಂಟಸ್ತಿಕೆಯಿಂದಲೇ ಕರೆಯುವುದು ರೂಢಿ. ಅಕ್ಕನಿಗೆ 'ಚಿ', ತಂಗಿ ತಮ್ಮನಿಗೆ 'ಎಮ್', ಅಜ್ಜಿಗೆ 'ಬಾ'. ಗುರುತಿಲ್ಲದವರನ್ನು ಕಂಡರೂ ಮೊದಲು ವಯಸ್ಸು ಅಳೆಯುತ್ತಾರೆ, ಆಮೇಲೆ ಕರೆಯುತ್ತಾರೆ. ಹೋಟೆಲಿನ ಯಜಮಾನಿಯ ನಾಲ್ಕು ವರ್ಷದ ಮಗು ಅಕ್ಕನನ್ನು ನೋಡಿ "ಬಾ!" ಅಂದಿತು. ಅಕ್ಕ ಎದ್ದು ಅದರ ಹತ್ತಿರ ಹೋದರು. ಅದು ಮತ್ತೆ "ಬಾ" ಅಂದಿತು. "ಬಂದ್ನಲ್ಲಪ್ಪ, ಇನ್ನೆಲ್ಲಿಗೆ ಬರ್ಲಿ?" ಅಂದರು ಅಕ್ಕ. ಅಜ್ಜಿ ಅನ್ನುತ್ತಿದೆ ಎಂದು ತಿಳಿದ ಮೇಲೆ ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದರು.

ಸಂಜೆ ಹೊವಾನ್ ಕಿಯೆಮ್ ಕೆರೆಯ ಸುತ್ತ ವಾಹನ ನಿಲ್ಲಿಸಿದ್ದರು, ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಅಲ್ಲಿ ಬರೀ ನಡೆಯುವವರು. ಲೆ ಲೊಯ್ ಎಂಬ ಅರಸನ ಕತ್ತಿಯನ್ನು ಆಮೆಯೊಂದು ಹಿಂದಕ್ಕೆ ಪಡೆದ ಕೆರೆ ಅದು. ಕೊನೆಯ ದೊಡ್ಡ ಆಮೆ 2016ರ ಜನವರಿಯಲ್ಲಿ ಸತ್ತಿತು. ಕೆರೆ ನಡುವಿನ ಗುಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಾಪಿಟ್ಟ ಆಮೆ ನೋಡಿದಾಗ ನನಗೆ ಕತೆಗಿಂತ ಅದರ ಗಾತ್ರವೇ ನಂಬಲಾಗಲಿಲ್ಲ. ನಮ್ಮ ಮನೆಯ ಊಟದ ಮೇಜಿನಷ್ಟು.

ಇನ್ನು ಕಾಫಿ. ಕಾಫಿ ಬೆಳೆಯುವವರು ಬೇರೆಯವರ ಕಾಫಿ ಕುಡಿಯುವಾಗ ಮುಖ ಹೇಗಿರುತ್ತದೆ ಎಂದು ನೋಡಬೇಕಾದರೆ ಅಕ್ಕನ ಜೊತೆ ಹೋಗಬೇಕು. ನ್ಗುಯೆನ್ ಹು ಹುವಾನ್ ಬೀದಿಯ ಇಕ್ಕಟ್ಟಾದ ಓಣಿಯ ಕೊನೆಯಲ್ಲಿ ಮೊಟ್ಟೆ ಕಾಫಿಯ ಅಂಗಡಿ. 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬವರು ಹಾಲಿನ ನೊರೆಗೆ ಬದಲು ಮೊಟ್ಟೆಯ ಹಳದಿ ಕಡೆದು ಹಾಕಿದರಂತೆ. ಆರದಿರಲೆಂದು ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ತಂದರು. ಮೇಲೆ ಹೋಳಿಗೆ ಹೂರಣದಷ್ಟು ದಪ್ಪನೆಯ ಕೆನೆ, ಅಡಿಯಲ್ಲಿ ಕಹಿ. ಕಾಫಿಯೋ ಸಿಹಿ ತಿಂಡಿಯೋ ತೀರ್ಮಾನಿಸುವ ಮೊದಲೇ ಖಾಲಿಯಾಯಿತು. ಶುಕ್ರವಾರವಾದ್ದರಿಂದ ಅಕ್ಕ ಬರೀ ಕಪ್ಪು ಕಾಫಿ ತರಿಸಿದರು. ತಗಡಿನ ಪುಟ್ಟ ಫಿಲ್ಟರು ಲೋಟದ ನೆತ್ತಿಯ ಮೇಲೇ ಕೂತು ತೊಟ್ಟು ತೊಟ್ಟಾಗಿ ಇಳಿಸುತ್ತದೆ, ಫಿನ್ ಅನ್ನುತ್ತಾರೆ. ಅಕ್ಕ ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು, ನುಂಗಿ, ತೀರ್ಪು ಕೊಟ್ಟರು: "ರೋಬಸ್ಟಾ. ಹುರಿದದ್ದು ಜಾಸ್ತಿ. ಚಿಕೋರಿ ಇಲ್ಲ. ಆದ್ರೆ ಕಳ್ಳತನ ಮಾಡಿಲ್ಲ, ಪುಡಿ ಕೈಬಿಟ್ಟು ಹಾಕಿದ್ದಾರೆ."

ಮೂರನೆಯ ದಿನ, ಹನೋಯಿ ಮತ್ತು ರಾತ್ರಿ ರೈಲು

ಬೆಳಿಗ್ಗೆ ಸಾಹಿತ್ಯ ಮಂದಿರ. 1070ರಲ್ಲಿ ಕನ್‌ಫ್ಯೂಷಿಯಸ್ಸನಿಗೆ ಕಟ್ಟಿಸಿದ ಗುಡಿ. ಅದರ ಒಂದು ಅಂಗಳದಲ್ಲಿ 82 ಕಲ್ಲಾಮೆಗಳು, ಪ್ರತಿಯೊಂದರ ಬೆನ್ನ ಮೇಲೆ ಒಂದು ಶಾಸನ. 1442ರಿಂದ 1779ರವರೆಗಿನ ಅರಸರ ಕಾಲದ ಪರೀಕ್ಷೆಗಳಲ್ಲಿ ಪಾಸಾದವರ ಹೆಸರು ಅವುಗಳ ಮೇಲೆ. ನಮ್ಮಲ್ಲಿ ಕಲ್ಲು ನಿಲ್ಲಿಸುವುದು ತುರು ಬಿಡಿಸಿ ಸತ್ತವರಿಗೆ, ಇಲ್ಲಿ ಪರೀಕ್ಷೆ ಬರೆದು ಬದುಕಿದವರಿಗೆ. ಓದುವ ಮಕ್ಕಳು ಅದೃಷ್ಟಕ್ಕೆಂದು ಮುಟ್ಟಿ ಮುಟ್ಟಿ ಆಮೆಗಳ ತಲೆ ನುಣುಪಾಗಿದೆ, ಈಗ ಬೇಲಿ ಹಾಕಿದ್ದಾರೆ. ಅಕ್ಕ ಬೇಲಿಯ ಹೊರಗಿನಿಂದಲೇ ಊರಿನ ಇಬ್ಬರು ಹುಡುಗರ ಹೆಸರು ಹೇಳಿ ಕೈ ಮುಗಿದರು. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಿತ್ತು.

ರಾತ್ರಿ ದಾ ನಾಂಗ್ ರೈಲು, 791 ಕಿಲೋಮೀಟರ್. ಇದು ಮೀಟರ್ ಗೇಜ್. ಬಿರೂರು ಕಡೆಯ ಹಳೇ ರೈಲಿನ ತೂಗಾಟ ನೆನಪಿರುವವರಿಗೆ ನಿದ್ದೆ ತಾನಾಗಿ ಬರುತ್ತದೆ. ನಾಲ್ಕು ಮಂಚದ ಕೋಣೆಯಲ್ಲಿ ನಮ್ಮ ಜೊತೆ ಹ್ಯೂಗೆ ಹೋಗುತ್ತಿದ್ದ ನಿವೃತ್ತ ಮೇಷ್ಟರು ಮತ್ತು ಅವರ ಹೆಂಡತಿ. ಅವರು ಬೇಯಿಸಿದ ನೆಲಗಡಲೆ ಬಿಚ್ಚಿದರು, ನಾವು ಕೋಡುಬಳೆ. ಮೇಷ್ಟರು ಫೋನಿನ ಅನುವಾದದಲ್ಲಿ ಬರೆದು ತೋರಿಸಿದರು: "ಈ ಖಾರದ ಬಳೆ ಗಟ್ಟಿಯಾಗಿದೆ, ನನ್ನ ಹಲ್ಲು ಗಟ್ಟಿಯಾಗಿಲ್ಲ."

ನಾಲ್ಕನೆಯ ದಿನ, ಹಾಯ್ ವಾನ್ ಘಾಟಿ, ಹೊಯ್ ಆನ್

ಹ್ಯೂ ದಾಟಿದ ಮೇಲೆ ಎಡಗಡೆಯ ಕಿಟಕಿ ಬಿಡಬಾರದು. ಹಾಯ್ ವಾನ್ ಎಂದರೆ ಕಡಲು ಮತ್ತು ಮೋಡ. ಹೆಸರಿಗೆ ತಕ್ಕ ಹಾಗೆ ಒಂದು ಕೈಯಲ್ಲಿ ಬೆಟ್ಟ, ಇನ್ನೊಂದು ಕೈಯಲ್ಲಿ ಕೆಳಗೆ ಸಮುದ್ರ. ರೈಲು ಉಸ್ಸೆನ್ನುತ್ತಾ ಸುರಂಗ ಹೊಕ್ಕು ಹೊರಬಂದಾಗಲೆಲ್ಲ ಅಕ್ಕ "ಸಕಲೇಶಪುರ ಘಾಟಿಗೆ ಸಮುದ್ರ ತಂದಿಟ್ಟ ಹಾಗಿದೆ" ಅನ್ನುತ್ತಿದ್ದರು. ಘಾಟಿಯ ಆಚೆ ಬಿಸಿಲು. ಸ್ವೆಟರುಗಳು ಚೀಲದ ತಳ ಸೇರಿದವು, ಮತ್ತೆ ಹೊರಗೆ ಬರಲಿಲ್ಲ. ಎರಡು ಕಿಲೋ ದಂಡ.

ಹೊಯ್ ಆನ್‌ನಲ್ಲಿ ಜನಜಾತ್ರೆ, ದೀಪದ ಬುಟ್ಟಿಗಳ ಸಾಲು, ದೋಣಿಯವರ ಕೂಗು. ಚೆಂದವೇ, ಆದರೆ ನನಗೆ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಕಂಡಿತು. ಅಲ್ಲಿಯ ಜಪಾನೀ ಸೇತುವೆ 20,000ದ ನೋಟಿನ ಹಿಂದೆ ಇದೆ. ಅಕ್ಕ ಚಿಕ್ಕ ನೀಲಿ ನೋಟು ತೆಗೆದು ಸೇತುವೆಯ ಪಕ್ಕ ಹಿಡಿದು ತಾಳೆ ನೋಡಿದರು. "ಇದನ್ನ ಮೊದಲೇ ನೋಡಿದ್ರೆ ಬಾಳೆಹಣ್ಣಿನವಳಿಗೆ ಸರಿಯಾದ ನೋಟು ಕೊಡ್ತಿದ್ದೆ ನೀನು." ಐದು ದಿನಕ್ಕೆ ಹತ್ತು ಸಲ ಕೇಳಿದೆ ಈ ಮಾತನ್ನು.

ಐದನೆಯ ದಿನ, ಮಿ ಸನ್

ಸೋಮವಾರ, ಅದೂ ಶಿವರಾತ್ರಿಯ ವಾರ. ಹೊಯ್ ಆನ್‌ನಿಂದ ಒಂದು ಗಂಟೆಯ ದಾರಿ. ಸುತ್ತ ಬೆಟ್ಟ, ನಡುವೆ ಕೆಂಪು ಇಟ್ಟಿಗೆಯ ಗೋಪುರಗಳು. ಚಂಪಾ ಅರಸರು ನಾಲ್ಕನೆಯ ಶತಮಾನದಿಂದ ಇಲ್ಲಿ ಶಿವನಿಗೆ ಗುಡಿ ಕಟ್ಟುತ್ತಾ ಬಂದವರು. ಮೊದಲು ಕಟ್ಟಿಸಿದವನು ಭದ್ರವರ್ಮ, ದೇವರ ಹೆಸರು ಭದ್ರೇಶ್ವರ. ಅವರ ರಾಜ್ಯದ ದಕ್ಷಿಣದ ತುಂಡಿಗೆ ಪಾಂಡುರಂಗ ಎಂದೇ ಹೆಸರಿತ್ತು, ಈಗಿನ ಫಾನ್ ರಾಂಗ್ ಊರು ಅದರ ಸವಕಲು ರೂಪ. ಇದನ್ನು ಕೇಳಿದ್ದೇ ಅಕ್ಕನಿಗೆ ಇಡೀ ದೇಶ ತಮ್ಮ ನೆಂಟರದಾಯಿತು.

ಇಟ್ಟಿಗೆಗಳ ನಡುವೆ ಗಾರೆಯೇ ಕಾಣುವುದಿಲ್ಲ, ಉಗುರು ತೂರಿಸಲೂ ಜಾಗವಿಲ್ಲ. ಹೇಗೆ ಅಂಟಿಸಿದರು ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ಇದ್ದದ್ದರಲ್ಲಿ ದೊಡ್ಡದಾದ ಗುಡಿಯನ್ನು 1969ರಲ್ಲಿ ಅಮೆರಿಕದ ಬಾಂಬು ಕೆಡವಿತು. ಬಾಂಬು ಬಿದ್ದ ಹೊಂಡಗಳು ಹುಲ್ಲು ಬೆಳೆದು ಸಣ್ಣ ಕೆರೆಯ ಅಂಗಳದ ಹಾಗಾಗಿವೆ. ನಮ್ಮ ಪುರಾತತ್ವ ಇಲಾಖೆಯವರು ಇಲ್ಲಿ ಕೆಲವು ವರ್ಷ ದುರಸ್ತಿ ಮಾಡಿದ್ದಾರೆ. 2020ರಲ್ಲಿ ಅಗೆಯುವಾಗ ಅವರಿಗೆ ಒಂಬತ್ತನೆಯ ಶತಮಾನದ ಒಂದೇ ಕಲ್ಲಿನ ಲಿಂಗ ಸಿಕ್ಕಿತ್ತು. ಅಕ್ಕ ಬಾಟಲಿಯ ಮುಚ್ಚಳ ಬಿಚ್ಚಿ ಒಂದು ಲಿಂಗದ ಕಡೆ ಹೊರಟರು. ಕಾವಲಿನವನು ಶಿಳ್ಳೆ ಊದಿದ. ಅಕ್ಕ ಅವನನ್ನೇ ನೋಡುತ್ತಾ ಆ ನೀರನ್ನು ತಾವೇ ಕುಡಿದು, ಒದ್ದೆ ಕೈಯನ್ನು ಗಾಳಿಯಲ್ಲಿ ಲಿಂಗದ ಕಡೆ ಒಮ್ಮೆ ಕೊಡವಿದರು. ಒಂದೆರಡು ಹನಿ ಬಿದ್ದಿರಬೇಕು.

ಆರನೆಯ ದಿನ, ಬ್ವಾನ್ ಮಾ ತುವೊಟ್

ಮಲಗುವ ಬಸ್ಸಿಗೆ ಹತ್ತುವ ಮೊದಲು ಚಪ್ಪಲಿ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಬೇಕು. ಮಲಗುವ ಜಾಗ ಶವಪೆಟ್ಟಿಗೆಯಷ್ಟೇ ಅಗಲ. ರಾತ್ರಿಯಿಡೀ ತಿರುವು, ಹಾರ್ನು. ಬೆಳಗಿನ ಜಾವ ಕಣ್ಣು ಬಿಟ್ಟಾಗ ಕಿಟಕಿಯ ಸಂದಿಯಿಂದ ಪರಿಮಳ ಬಂತು. ನಾವಿಬ್ಬರೂ ಒಟ್ಟಿಗೆ ಎದ್ದು ಕೂತೆವು. ಮಲ್ಲಿಗೆಯಲ್ಲ. ಕಾಫಿ ಹೂ.

ದಾಕ್ ಲಾಕ್ ಸೀಮೆಯ ದೊಡ್ಡ ಪಟ್ಟಣ ಇದು. ಜಗತ್ತಿನಲ್ಲಿ ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶದ ಕಾಫಿ ರಾಜಧಾನಿ. ನಾವು ಹೋದಾಗ ಕಾಫಿ ಹಬ್ಬಕ್ಕೆ ಬ್ಯಾನರ್ ಕಟ್ಟುತ್ತಿದ್ದರು. 1975ರ ಮಾರ್ಚಿನಲ್ಲಿ ಉತ್ತರದ ಸೈನ್ಯ ಈ ಊರನ್ನು ಹಿಡಿದದ್ದಕ್ಕೆ ಐವತ್ತು ವರ್ಷ ತುಂಬುವುದೂ ಆಗಲೇ. ಆರು ರಸ್ತೆ ಕೂಡುವಲ್ಲಿ ಕಂಬದ ಬುಡದಲ್ಲಿ ಟ್ಯಾಂಕು ನಿಂತಿದೆ. ಅದರ ಸುತ್ತ ಹೂವಿನ ಕುಂಡ ಜೋಡಿಸುತ್ತಿದ್ದರು.

ಉಳಿದುಕೊಂಡ ಮನೆಯ ಯಜಮಾನಿಯ ಅಣ್ಣನದು ಊರಾಚೆ ಒಂದೂವರೆ ಹೆಕ್ಟೇರ್ ತೋಟ. ನಾವು ಕಾಫಿ ಬೆಳೆಯುವವರು ಎಂದು ಗೊತ್ತಾಗಿದ್ದೇ ಆಕೆ ಸ್ಕೂಟರು ಹೊರಗೆ ತೆಗೆದಳು. ಮೂವರೂ ಒಂದರ ಮೇಲೇ. ಅಲ್ಲಿಗೆ ನಾವೂ ವಿಯೆಟ್ನಾಮಿನವರಾದೆವು.

ತೋಟದ ಬಾಗಿಲಲ್ಲಿ ಅಕ್ಕನಿಗೆ ಮಾತು ನಿಂತಿತು. ಮಣ್ಣು ಕುಂಕುಮದ ಹಾಗೆ ಕೆಂಪು. ಮೇಲೆ ನೋಡಿದರೆ ಆಕಾಶ, ನೆರಳು ಮರ ಅನ್ನುವುದೇ ಇಲ್ಲ. ಬಯಲಲ್ಲಿ ಸಾಲು ಹಿಡಿದು ನಿಂತ ರೋಬಸ್ಟಾ, ಪ್ರತಿ ಗಿಡದ ಬುಡಕ್ಕೂ ಅಗಲವಾದ ಪಾತಿ, ಅದಕ್ಕೆ ಪೈಪಿನಲ್ಲಿ ನೀರು. ಒಂದು ಪಾತಿ ತುಂಬಿದ ಮೇಲೆ ಇನ್ನೊಂದಕ್ಕೆ ಪೈಪು ಎಳೆಯುವುದು. ನಮ್ಮಲ್ಲಿ ಹೂ ಮಳೆಗೆ ಕಾಯುತ್ತೇವೆ, ಬಾರದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತೇವೆ. ಇವರು ಮಳೆಯ ದಾರಿಯನ್ನೇ ಕಾಯುವುದಿಲ್ಲ, ಬಾವಿಯ ನೀರು ಮಾತ್ರ ವರ್ಷವರ್ಷಕ್ಕೂ ಆಳಕ್ಕೆ ಹೋಗುತ್ತಿದೆಯಂತೆ. ನಮ್ಮದು ಕಾಡಿನೊಳಗಿನ ತೋಟ, ಇದು ಗದ್ದೆ. ಹೆಕ್ಟೇರಿಗೆ ಎರಡೂವರೆ ಟನ್ನಿನ ಮೇಲೆ ಬರುತ್ತದೆ ಅಂದಾಗ ಅಕ್ಕ ಫೋನಿನ ಅನುವಾದ ತಪ್ಪಿರಬೇಕು ಎಂದು ಎರಡು ಸಲ ಕೇಳಿಸಿದರು. ನಮ್ಮ ರೋಬಸ್ಟಾ ಒಂದು ಟನ್ ದಾಟಿದರೆ ನಾವು ಊರಿಗೆಲ್ಲ ಹೇಳಿಕೊಳ್ಳುತ್ತೇವೆ.

"ಆಳು ಎಷ್ಟು?" ಅಕ್ಕ ಕೇಳಿಸಿದರು. ಆತ ತನ್ನ ಎದೆ ತೋರಿಸಿದ, ಹೆಂಡತಿಯನ್ನು ತೋರಿಸಿದ, ಮಗನನ್ನು ತೋರಿಸಿದ. ಕೊಯ್ಲಿಗೆ ಮಾತ್ರ ಹೊರಗಿನವರು. ನಮಗೆ ಅಸ್ಸಾಮಿನಿಂದ ಆಳು ಬಾರದಿದ್ದರೆ ಕಾಫಿ ನೆಲ ಸೇರುತ್ತದೆ.

ಆಮೇಲೆ ಅಂಗಳ. ನೀಲಿ ಟಾರ್ಪಾಲಿನ ಮೇಲೆ ಅರ್ಧ ಒಣಗಿದ ಮೆಣಸು, ಪಕ್ಕದಲ್ಲಿ ಆಗಷ್ಟೇ ಗೊಂಚಲಿನಿಂದ ಬಿಡಿಸಿದ ಹಸಿರು ಕಾಳು. ಇಪ್ಪತ್ತು ವರ್ಷದಿಂದ ನಮ್ಮ ಜಗುಲಿಯಲ್ಲಿ ಬೈಸಿಕೊಂಡ ವಿಯೆಟ್ನಾಂ ಮೆಣಸು ಇದೇ. ಅಕ್ಕ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ರಾಶಿಗೆ ಹಾಕಿದರು, ಮನೆಯಲ್ಲಿ ಮಾಡುವ ಹಾಗೆಯೇ. ಒಂದು ಕಾಳು ಹಲ್ಲಿಗೆ ಕೊಟ್ಟು ಕಟ್ ಅನ್ನಿಸಿದರು. "ಇನ್ನೆರಡು ಬಿಸಿಲು ಬೇಕು." ಆತನ ಹೆಂಡತಿಯೂ ಎರಡು ಬೆರಳು ಎತ್ತಿ ಸೂರ್ಯನ ಕಡೆ ತೋರಿಸಿದಳು.

ಬೆಲೆ ಕೇಳಿದೆವು. ಕ್ಯಾಲ್ಕುಲೇಟರಿನಲ್ಲಿ ಒಂದೂವರೆ ಲಕ್ಷ ಡಾಂಗ್ ದಾಟಿದ ಅಂಕಿ ಒತ್ತಿ ತೋರಿಸಿದ, ನಮ್ಮ 500 ಚಿಲ್ಲರೆ. ಮುಖದಲ್ಲಿ ಸಂತೋಷವಿರಲಿಲ್ಲ. ಕತೆ ಹೇಳುತ್ತಾ ಹೋದ. ಹತ್ತು ವರ್ಷದ ಹಿಂದೆ ಕಿಲೋಗೆ 2 ಲಕ್ಷ ಆಗಿತ್ತು. ಎಲ್ಲರೂ ಸಾಲ ಮಾಡಿ, ಕಾಫಿ ಕಿತ್ತು ಕಂಬ ನೆಟ್ಟು ಬಳ್ಳಿ ಹಬ್ಬಿಸಿದರು. ಆಮೇಲೆ ಸೊರಗು ರೋಗ ಬಂತು, ಬಳ್ಳಿಗಳು ವಾರದೊಳಗೆ ಎಲೆ ಉದುರಿಸಿ ನಿಂತವು. 2020ರ ಹೊತ್ತಿಗೆ ಬೆಲೆ 40,000ಕ್ಕಿಂತ ಕೆಳಗೆ ಬಿತ್ತು. ಈಗ ಬೆಲೆ ಎದ್ದಿದೆ, ಬಳ್ಳಿ ಇಲ್ಲ. ತೋಟದ ಹಿಂದೆ ಕರೆದುಕೊಂಡು ಹೋಗಿ ತೋರಿಸಿದ. ಬೋಳು ಕಾಂಕ್ರೀಟ್ ಕಂಬಗಳು ಸಾಲಾಗಿ ನಿಂತಿದ್ದವು, ಅವುಗಳ ನಡುವೆ ಹೊಸದಾಗಿ ನೆಟ್ಟ ಡೂರಿಯನ್ ಹಣ್ಣಿನ ಸಸಿ. ಬೆಲೆ ಬೀಳಲು ಕಾರಣ ಯಾರು ಎಂದು ನಾನು ಕೇಳಿಸಿದೆ. ಆತ ಯೋಚಿಸಲೇ ಇಲ್ಲ. "ಬ್ರೆಜಿಲ್" ಅಂದ. ಅಂದ ರೀತಿ ನೋಡಿ ನನಗೆ ನಮ್ಮ ಭಾವನೇ ಕಣ್ಣ ಮುಂದೆ ಬಂದರು, ಕೈಯಲ್ಲಿ ಪೇಪರು ಒಂದು ಇರಲಿಲ್ಲ ಅಷ್ಟೆ.

ಸಕ್ಕರೆ ಇಲ್ಲದ ಹಸಿರು ಟೀ ಬಂತು. ಅಕ್ಕನ ತಲೆಯಲ್ಲಿ ಏನೋ ಓಡುತ್ತಿತ್ತು. ಕೊನೆಗೆ ಫೋನು ಇಸಿದುಕೊಂಡು ತಾವೇ ಅದಕ್ಕೆ ಕನ್ನಡದಲ್ಲಿ ಹೇಳಿದರು: "ಆನೆ ಕಾಟ ಹೇಗಿದೆ?" ಫೋನು ವಿಯೆಟ್ನಾಮಿಯಲ್ಲಿ ಏನೋ ಉಲಿಯಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆನೆ ಬ್ವಾನ್ ಡೋನ್‌ನಲ್ಲಿದೆ, ನಲವತ್ತು ಕಿಲೋಮೀಟರ್ ಆಚೆ, ಬೇಕಾದರೆ ನಾಳೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದ ಆತ. ಪ್ರವಾಸಿಗಳಿಗೆ ಆನೆ ಎಂದರೆ ಇಷ್ಟ ಎಂದು ಅವನಿಗೆ ಗೊತ್ತಿತ್ತು. ಅಕ್ಕ ಬೇಡವೇ ಬೇಡ ಎಂದು ಎರಡೂ ಕೈ ಆಡಿಸಿದರು.

ಹೊರಡುವ ಮೊದಲು ಆತನ ಹೆಂಡತಿ ಜರಡಿಯಂಥ ಬಿದಿರಿನ ತಟ್ಟೆಯಲ್ಲಿ ಮೆಣಸು ಕೇರುತ್ತಿದ್ದಳು. ಅಕ್ಕ ಅದನ್ನು ಇಸಿದುಕೊಂಡು ನಾಲ್ಕು ಸಲ ತಮ್ಮ ಕ್ರಮದಲ್ಲಿ ಕೇರಿ, ಜೊಳ್ಳು ಹಾರಿಸಿ, ಹಿಂದಕ್ಕೆ ಕೊಟ್ಟರು. ಆಕೆ ನೋಡಿಕೊಂಡು ತಾನೂ ಹಾಗೆ ಒಮ್ಮೆ ಕೇರಿದಳು. ಬರಲಿಲ್ಲ. ಇಬ್ಬರೂ ನಕ್ಕರು.

ಮನೆ ಸೇರಿದ ಸಂಜೆ ಭಾವ ಜಗುಲಿಯಲ್ಲಿ ಕಾಯುತ್ತಿದ್ದರು. ನಾವಿಲ್ಲದಾಗ ಎರಡು ರಾತ್ರಿ ಆನೆ ಗುಂಪು ಬಂದು ಬಾಳೆಯ ಜೊತೆಗೆ ಮೂವತ್ತು ಕಾಫಿ ಗಿಡ ತುಳಿದು ಹೋಗಿತ್ತು. ಚೀಲ ಇಳಿಸುವ ಮೊದಲೇ ಕೇಳಿದರು, "ಏನು ನೋಡಿ ಬಂದ್ರಿ ವಿಯೆಟ್ನಾಮಲ್ಲಿ? ಹೆಂಗೆ ಬೆಳೀತಾರೆ ಅಷ್ಟೊಂದು?"

"ಅಲ್ಲಿ ತೋಟಕ್ಕೆ ಆನೆ ಬರಲ್ಲ ಕಣ್ರೀ" ಅಂದರು ಅಕ್ಕ, ಕಾಲು ತೊಳೆಯಲು ಹಿತ್ತಲಿಗೆ ಹೋದರು.